ನಾವು ಹೇಳ್ಕೊಟ್ಟಿಲ್ಲ, ಮತ್ತೆ ಮಗ ಎಲ್ಲಿ ಕಲ್ತ?

ಪ್ರಶ್ನೆ: ಮೈಸೂರಲ್ಲಿದೀವಿ, ಇಬ್ರೂ ಕೆಲ್ಸಕ್ಕೆ ಹೋಗ್ತೀವಿ, ಬೆಳಿಗ್ಗೆ ಉಪ್ಪಿಟ್ಟು ಮಾಡೋದು ನಮ್ಮನೆಯವ್ರೇ. ಆದ್ರೂ ನಾಲ್ಕೂವರೆ ವರ್ಷದ ಮಗ "ಅಡುಗೆ ಹೆಂಗಸ್ರ ಕೆಲ್ಸ, ಪಿಂಕು ಹುಡ್ಗೀರ್ ಕಲರ್ರು" ಅಂತಾನೆ. ಯಾರು ಇದನ್ನ ತಲೆಗೆ ತುಂಬೋದು?

ಯಾರೂ ಕೂತ್ಕೊಂಡು ತುಂಬಿರಲ್ಲ ಬಿಡಿ, ಅವ್ನೇ ಲೆಕ್ಕ ಹಾಕಿರ್ತಾನೆ. ನಿಮ್ದು ಒಂದ್ ಮನೆ, ಅವ್ನು ನೋಡೋದು ಇಡೀ ಬೀದಿ. ಬಾಗ್ಲಿಗೆ ರಂಗೋಲಿ ಹಾಕೋರು ಯಾರು, ಅಂಗನವಾಡೀಲಿ ಊಟ ಬಡ್ಸೋರು ಯಾರು, ನೆಂಟ್ರು ಬಂದ್ರೆ ಎದ್ದು ಕಾಫಿಗಿಡೋರು ಯಾರು, ಎಲ್ಲಾ ನೋಡ್ತಾನೆ. ಎರಡೂವರೆ ಮೂರಕ್ಕೆಲ್ಲ ತಾನು ಹುಡ್ಗ ಅಂತ ಗೊತ್ತಾಗುತ್ತೆ, ಗೊತ್ತಾದ್ಮೇಲೆ ಹುಡ್ಗ ಅಂದ್ರೆ ಏನೇನು ಅಂತ ಸ್ವಂತಕ್ಕೆ ಒಂದ್ ರೂಲು ಮಾಡ್ಕೊತಾನೆ, ಆಮೇಲೆ ಆ ರೂಲಿಗೆ ಒಗ್ಗದೇ ಇರೋದು ಕಣ್ಣೆದುರಿಗಿದ್ರೂ ಲೆಕ್ಕಕ್ಕೇ ಬರಲ್ಲ.

ಮಂಡ್ಯ ಹತ್ರ ನಮ್ಮಕ್ಕ ದಿನಾ ಟಿವಿಎಸ್ಸಲ್ಲಿ ಡೇರಿಗೆ ಹಾಲು ಹಾಕೋಕೆ ಹೋಗ್ತಾಳೆ, ಮಗನ್ನ ಮುಂದ್ಗಡೆ ನಿಲ್ಲಿಸ್ಕೊಂಡು. ಅವನಿಗೆ ಐದಿದ್ದಾಗ ಜಗಲಿ ಮೇಲೆ ಕೂತು "ಹೆಂಗಸ್ರು ಗಾಡಿ ಓಡ್ಸಲ್ಲ" ಅಂದ. "ಮತ್ತೆ ನಿಮ್ಮವ್ವ ಓಡ್ಸೋದೇನ್ಲಾ?" ಅಂದ್ರೆ "ಅದು ಗಾಡಿ ಅಲ್ಲ, ಟಿವಿಎಸ್ಸು" ಅಂತಾನೆ!

ನಗು ಬರುತ್ತೆ, ಆದ್ರೆ 1983ರಲ್ಲಿ ಮಾರ್ಟಿನ್ ಮತ್ತೆ ಹಾಲ್ವರ್ಸನ್ ಅನ್ನೋ ಅಮೆರಿಕದ ಸಂಶೋಧಕರು ಕಂಡಿದ್ದೂ ಇದೇ. ಐದಾರು ವರ್ಷದ ಮಕ್ಕಳಿಗೆ ಹುಡ್ಗಿ ಮರ ಕೊಯ್ಯೋ ಥರದ ಚಿತ್ರ ತೋರ್ಸಿ ವಾರ ಬಿಟ್ಟು ಕೇಳಿದ್ರೆ, ಎಷ್ಟೋ ಸಲ "ಕೊಯ್ತಿದ್ದಿದ್ದು ಹುಡ್ಗ" ಅಂತ ನೆನಪನ್ನೇ ತಿದ್ಕೊಂಡಿದ್ವು. ಹಂಗಾಗಿ ನಿಮ್ಮನೆಯವ್ರ ಉಪ್ಪಿಟ್ಟು ಅವ್ನ ಲೆಕ್ಕದಲ್ಲಿ ಅಡುಗೇನೇ ಅಲ್ದೇ ಇರ್ಬೋದು.

ಇನ್ನೊಂದಿದೆ. ಈ ವಯಸ್ಸಲ್ಲಿ ತಾನು ಯಾವಾಗ್ಲೂ ಹುಡ್ಗನೇ ಅನ್ನೋ ಗ್ಯಾರಂಟಿ ಇನ್ನೂ ಪೂರ್ತಿ ಬಂದಿರಲ್ಲ. ಲಾರೆನ್ಸ್ ಕೋಲ್‌ಬರ್ಗ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1966ರಲ್ಲೇ ಬರೆದ ಹಾಗೆ, ಬಟ್ಟೆ, ಕೂದ್ಲು ಬದ್ಲಾದ್ರೂ ಇದು ಬದ್ಲಾಗಲ್ಲ ಅಂತ ಗಟ್ಟಿಯಾಗೋದು ಹೆಚ್ಚುಕಮ್ಮಿ ಆರೇಳಕ್ಕೆ. ಅಲ್ಲೀವರ್ಗೂ ಬಳೆ ತೊಟ್ರೆ ಹುಡ್ಗಿ ಆಗ್ಬಿಡ್ತೀನೇನೋ ಅನ್ನೋ ದಿಗಿಲು ಒಳಗೆ ಇದ್ರೂ ಇರುತ್ತೆ, ಅದಕ್ಕೇ ಆ ಪೊಲೀಸ್‌ಗಿರಿ.

ದೊಡ್ಡೋರು ಮಾಡೋ ತಪ್ಪು ಅಂದ್ರೆ, ನನ್ ಪ್ರಕಾರ, ಸುಮ್‌ಸುಮ್ನೆ ವಿಂಗಡ್ಸೋದು. "ಬಾಯ್ಸ್ ಒಂದ್ ಲೈನು, ಗರ್ಲ್ಸ್ ಒಂದ್ ಲೈನು" ಅಂದಾಗೆಲ್ಲ ಮಗುಗೆ ಓ ಇದೇನೋ ದೊಡ್ಡ ವಿಷ್ಯ ಅನ್ಸುತ್ತೆ. ರೆಬೆಕಾ ಬಿಗ್ಲರ್ ಅನ್ನೋ ಅಮೆರಿಕದ ಸಂಶೋಧಕಿ 1995ರಲ್ಲಿ ತರಗತೀಲೇ ಇದನ್ನ ನೋಡಿದ್ರು: ಟೀಚರ್ ಹುಡ್ಗ ಹುಡ್ಗಿ ಅಂತ ಬೇರೆ ಮಾಡಿ ಕೆಲ್ಸ ಹೇಳಿದ ಕಡೆ ಮಕ್ಕಳ ಇಂಥ ನಂಬಿಕೆ ಜಾಸ್ತಿ ಆಯ್ತು.

ಬೈಯೋಕೆ ಹೋಗ್ಬೇಡಿ, ಲೆಕ್ಚರೂ ಬೇಡ. ಬೀಗರೂಟದಲ್ಲಿ ಅಷ್ಟೂ ಜನಕ್ಕೆ ಮುದ್ದೆ ತೊಳಸ್ತಿರೋ ಗಂಡಸ್ರ ಹತ್ರ ಕರ್ಕೊಂಡೋಗಿ "ಇವ್ರು ಮಾಡ್ತಿರೋದೇನಪ್ಪ?" ಅಂತ ಕೇಳಿ, ಉತ್ತರ ಅವ್ನೇ ಹುಡುಕ್ಕೊಳ್ಳಿ. "ಹುಡುಗ್ರು ಹಂಗೆ, ಹುಡ್ಗೀರು ಹಿಂಗೆ" ಅನ್ನೋ ಬದ್ಲು "ಅವಳಿಗೆ ಇದಿಷ್ಟ" ಅಂತ ಆ ಒಬ್ರ ಬಗ್ಗೆ ಮಾತ್ರ ಹೇಳಿ.

ಐದಾರಕ್ಕೆ ಈ ಹಠ ಜೋರಾಗಿರುತ್ತೆ, ಏಳರ ಮೇಲೆ ಸಾಮಾನ್ಯವಾಗಿ ಸಡಿಲ ಆಗುತ್ತೆ. ನಮ್ಮಕ್ಕನ ಮಗನಿಗೆ ಈಗ ಏಳೂವರೆ. ಮೊನ್ನೆ ಕೇಳ್ದೆ, ಹೆಂಗಸ್ರು ಲಾರಿ ಓಡಿಸ್ಬೋದೇನ್ಲಾ ಅಂತ. "ಓಡಿಸ್ಬೋದು. ನಮ್ಮವ್ವಂಗಾಗಲ್ಲ, ಕಾಲು ಎಟುಕಲ್ಲ" ಅಂದ.