ಕಾವೇರಿಯ ಮೇಲೆ ಸಂಜೆಯ ಕ್ರೂಸ್ ಯಾಕಿಲ್ಲ? ಹೋಗಲೇಬೇಕೆಂದರೆ ಎಲ್ಲಿಗೆ?

ಪ್ರಶ್ನೆ: ನಮ್ಮ ಮಾವನವರಿಗೆ ಬರುವ ಡಿಸೆಂಬರ್‌ನಲ್ಲಿ ಎಪ್ಪತ್ತೈದು ತುಂಬುತ್ತದೆ. ಸೇನೆಯಿಂದ ನಿವೃತ್ತರಾದವರು, ಸಂಜೆ ಎರಡು ಪೆಗ್ ರಮ್ ಅವರ ಹಳೆಯ ರೂಢಿ. ದೋಣಿಯಲ್ಲಿ ಕುಳಿತು, ದಡದ ಊರಿನ ದೀಪಗಳನ್ನು ನೋಡುತ್ತ, ಕೈಯಲ್ಲೊಂದು ಗ್ಲಾಸ್ ಹಿಡಿದು ಆ ಸಂಜೆಯನ್ನು ಕಳೆಯಬೇಕೆಂದು ಅವರಿಗೆ ಆಸೆ. ಕಾವೇರಿ ನಮ್ಮ ತೋಟದ ಬೇಲಿಯಾಚೆಗೇ ಹರಿಯುತ್ತಾಳೆ. ಕೊಡಗಿನಲ್ಲೇ ಇಂಥ ಕ್ರೂಸ್ ಇದೆಯೇ? ಇಲ್ಲದಿದ್ದರೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?
(ಸಿದ್ದಾಪುರದ ಓದುಗರೊಬ್ಬರು)

ಉತ್ತರ: ಕೊಡಗಿನಲ್ಲಿ ಇಲ್ಲ. ಗೋವಾಕ್ಕೋ ಬ್ಯಾಂಕಾಕ್‌ಗೋ ಹೋಗಿ ಬಂದವರು ಇದೇ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳುತ್ತಾರೆ. ಕೇಳುವ ದನಿಯಲ್ಲಿ ಸ್ವಲ್ಪ ದೂರೂ ಇರುತ್ತದೆ: ಇಷ್ಟು ದೊಡ್ಡ ಹೊಳೆ ಇದ್ದೂ ನಮ್ಮವರು ಒಂದು ದೋಣಿ ಓಡಿಸಲಿಲ್ಲವಲ್ಲ ಎಂದು. ಇದರಲ್ಲಿ ನಮ್ಮವರ ತಪ್ಪೇನೂ ಇಲ್ಲ. ಹೊಳೆಯ ಸ್ವಭಾವವೇ ಹಾಗಿದೆ.

ನೀವು ಸಿದ್ದಾಪುರದವರು, ಕಾವೇರಿಯ ಎರಡೂ ಮುಖಗಳನ್ನು ಕಂಡವರು. ಏಪ್ರಿಲ್‌ನಲ್ಲಿ ದುಬಾರೆಗೆ ಹೋದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ಆಚೆ ದಡ ಸೇರಬಹುದು. ಮೋಟಾರ್ ದೋಣಿಗೆ ಕೆಲಸವೇ ಇರುವುದಿಲ್ಲ. ಅದೇ ಹೊಳೆ 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳನ್ನು ಕೊಂಡೊಯ್ದಿತು. ಭಾಗಮಂಡಲ ದಾಟಿದ ಮೇಲೆ ಕಾವೇರಿ ಕಡಿದಾಗಿ ಇಳಿಯುವುದಿಲ್ಲ, ಬಳುಕಿ ಬಳುಕಿ ಹರಿಯುತ್ತಾಳೆ, ನಿಜ. ಆದರೆ ತಳವೆಲ್ಲ ಬಂಡೆ. ಅಲ್ಲಲ್ಲಿ ಆಳದ ಮಡು, ಮಡು ಮುಗಿಯುತ್ತಿದ್ದಂತೆ ಮೊಣಕಾಲುದ್ದದ ನೀರು. ನೂರು ಜನರನ್ನು ಹೊತ್ತ ಎರಡು ಅಂತಸ್ತಿನ ದೋಣಿಗೆ ವರ್ಷವಿಡೀ ಒಂದೇ ಸಮನಾದ ಆಳ ಬೇಕು, ತಿರುಗಲು ಅಗಲ ಬೇಕು, ನೀರು ಏರಿದರೂ ಇಳಿದರೂ ಜನ ಹತ್ತಿ ಇಳಿಯಬಹುದಾದ ಜೆಟ್ಟಿ ಬೇಕು. ಬೇಸಗೆಗೂ ಕಕ್ಕಡದ ಜಡಿಮಳೆಗೂ ನಡುವೆ ಇಪ್ಪತ್ತು ಮೂವತ್ತು ಅಡಿ ಏರಿಳಿಯುವ ಹೊಳೆಯಲ್ಲಿ ಆ ಜೆಟ್ಟಿಯನ್ನು ಎಲ್ಲಿ ಕಟ್ಟುವುದು?

ನೀವು ಕೇಳಿರುವ ಹೆಸರಾಂತ ನದಿ ವಿಹಾರಗಳೆಲ್ಲ ಎಲ್ಲಿ ನಡೆಯುತ್ತವೆ ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ. ಪಣಜಿಯ ಮಾಂಡವಿ, ಕೋಲ್ಕತ್ತದ ಹೂಗ್ಲಿ, ಬ್ಯಾಂಕಾಕ್‌ನ ಚಾವೊ ಫ್ರಾಯಾ, ಲಂಡನ್ನಿನ ಥೇಮ್ಸ್, ಇವೆಲ್ಲವುಗಳ ಆ ಭಾಗಕ್ಕೆ ಕಡಲಿನ ಭರತ ಬಂದು ಹೋಗುತ್ತದೆ. ಮೇಲಿನಿಂದ ಬರುವ ನೀರು ಕಡಿಮೆಯಾದರೂ ಕೆಳಗಿನಿಂದ ಕಡಲು ಹೊಳೆಯನ್ನು ತುಂಬಿಕೊಡುತ್ತದೆ. ಪ್ಯಾರಿಸ್‌ನ ಸೇನ್ ನದಿಗೆ ಅಡ್ಡಗಟ್ಟೆ ಕಟ್ಟಿ ಆಳ ಉಳಿಸಿದ್ದಾರೆ. ಸಿಂಗಪುರದ ಹೊಳೆಯ ಬಾಯಿಗೆ 2008ರಲ್ಲಿ ಅಣೆಕಟ್ಟು ಬಂತು, ಈಗ ಅದು ಸಿಹಿನೀರು. ನಾವಿರುವುದು ನದಿ ಹುಟ್ಟುವ ತುದಿಯಲ್ಲಿ. ತಲಕಾವೇರಿ ಇರುವ ಎತ್ತರ ಸುಮಾರು 1,276 ಮೀಟರ್. ಕ್ರೂಸ್ ಎಂಬುದು ನದಿ ಮುಗಿಯುವ ತುದಿಯ ಸುಖ.

‘ಹಾಗಾದರೆ ಹಾರಂಗಿಯಲ್ಲಿ?’ ಎಂದು ಕೇಳುವವರೂ ಇದ್ದಾರೆ. ಅಲ್ಲಿ ಆಳವಿದೆ. ಆದರೆ ಸಮುದ್ರಮಟ್ಟದಿಂದ 2,859 ಅಡಿಯವರೆಗೆ ತುಂಬುವ ಆ ಜಲಾಶಯ ಬೇಸಗೆಯ ಹೊತ್ತಿಗೆ ನಾಲೆಗಳಿಗೆ ನೀರು ಕೊಟ್ಟು ಸೊರಗುತ್ತದೆ. ನೀರು ಹಿಂದೆ ಸರಿದ ಕಡೆ ಕೆಸರು ಉಳಿಯುತ್ತದೆ. ದೀಪಗಳ ಸಾಲು ತೋರಿಸಲು ದಡದಲ್ಲಿ ಊರೂ ಇಲ್ಲ. ದುಬಾರೆಯ ಕಡೆ ಕತ್ತಲಾದ ಮೇಲೆ ಆಚೆ ದಡ ಕಾಡಾನೆಗಳದು. ಸಂಜೆಯ ನಂತರ ಅಲ್ಲಿ ಎಂಜಿನ್ ಸದ್ದು, ಹಾಡುಗಳ ಅಬ್ಬರ ಇಲ್ಲದಿರುವುದೇ ಒಳ್ಳೆಯದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮದ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೊಡಗಿನಲ್ಲಿ ಗ್ಲಾಸ್ ಹಿಡಿಯುವುದು ಮರೆಮಾಚುವ ಸಂಗತಿಯಲ್ಲ. ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಕಾರಣವನಿಗೆ (ಕುಲದ ಮೂಲಪುರುಷನಿಗೆ) ಎಡೆಯಿಡುವಾಗ ಮಾಂಸದ ಜೊತೆ ಮದ್ಯವೂ ಇರುತ್ತದೆ. ಆದರೆ ಅದೇ ಮನೆ ತುಲಾ ಸಂಕ್ರಮಣದಂದು ಮಾಂಸ ಬಿಟ್ಟು, ದೋಸೆ, ಕುಂಬಳಕಾಯಿ ಪಲ್ಯ ಮಾಡಿ, ಕಣಿ ಇಟ್ಟು ಕಾವೇರಮ್ಮನಿಗೆ ಕೈಮುಗಿಯುತ್ತದೆ. ಹಿರಿಯರಿಗೆ ಒಂದು ಬಗೆ, ಹೊಳೆಗೆ ಇನ್ನೊಂದು ಬಗೆ. ಕಳೆದ ಬೇಸಗೆಯಲ್ಲಿ ನಾವು ಕೆಲವರು ಸೇರಿ ಹೊಳೆದಂಡೆಯ ಒಂದು ಸಣ್ಣ ತುಂಡು ಜಾಗ ಗುಡಿಸಿದೆವು. ಒಡೆದ ಬಾಟಲಿ ಚೂರುಗಳೇ ಮೂರು ಗೋಣಿಚೀಲ ತುಂಬಿದವು. ಆ ಜಾಗದಲ್ಲಿ ಮಕ್ಕಳು ಬರಿಗಾಲಲ್ಲಿ ನೀರಿಗಿಳಿಯುತ್ತಾರೆ. ಪ್ರವಾಸಿಗಳು ಕುಡಿದು ಚೇಲಾವರದಲ್ಲೋ ಕಾವೇರಿಯ ಮಡುಗಳಲ್ಲೋ ಈಜಲು ಇಳಿದು ಜೀವ ಕಳೆದುಕೊಂಡ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ಆದ್ದರಿಂದ ಮಾವನವರನ್ನು ಬಾಟಲಿಯ ಸಮೇತ ಹೊಳೆದಂಡೆಗೆ ಕರೆದೊಯ್ಯುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ಹೇಗೂ ಕಾನೂನಿಗೆ ವಿರುದ್ಧ.

ಅವರು ಕೇಳಿದ್ದು ಹಾಗೇ ಸಿಗುವ, ನಮಗೆ ಹತ್ತಿರದ ಜಾಗ ಪಣಜಿ. ಹತ್ತಿರವೆಂದರೂ ಮಡಿಕೇರಿಯಿಂದ ಸುಮಾರು ಐನೂರು ಕಿಲೋಮೀಟರ್. ಎಪ್ಪತ್ತೈದರ ಬೆನ್ನಿಗೆ ಅಷ್ಟು ದೂರ ಕಾರು ಬೇಡ. ಸಂಪಾಜೆ ಘಾಟಿ ಇಳಿದು ಮಂಗಳೂರಿನಲ್ಲಿ ಒಂದು ರಾತ್ರಿ ತಂಗಿ, ಅಲ್ಲಿಂದ ಕೊಂಕಣ ರೈಲು ಹಿಡಿಯಿರಿ. ನಿಲ್ಲುವ ರೈಲಾದರೆ ಪಣಜಿಗೆ ಕರ್ಮಲಿ ನಿಲ್ದಾಣ ಸಮೀಪ, ಇಲ್ಲವಾದರೆ ಮಡಗಾಂವ್.

ದೋಣಿಗಳು ಹೊರಡುವುದು ಸಾಂತಾ ಮೋನಿಕಾ ಜೆಟ್ಟಿಯಿಂದ, ಮಾಂಡವಿ ಸೇತುವೆಯ ಬುಡದಲ್ಲೇ, ಕದಂಬ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. (ಗೋವಾದ ಸರ್ಕಾರಿ ಬಸ್ಸುಗಳ ಮೇಲೆ ಬನವಾಸಿಯ ಕದಂಬರ ಹೆಸರು ಕಂಡಾಗಲೆಲ್ಲ ನನಗೆ ಊರಿನವರು ಸಿಕ್ಕಂತಾಗುತ್ತದೆ.) ಗೋವಾ ಪ್ರವಾಸೋದ್ಯಮ ನಿಗಮದ ದೋಣಿಯೂ ಇದೆ, ಖಾಸಗಿಯವರವೂ ಇವೆ. ಸಾಮಾನ್ಯ ವಿಹಾರ ಒಂದು ಗಂಟೆಯದು. ಊಟ ಸೇರಿದ್ದಾದರೆ ಇನ್ನಷ್ಟು ಹೊತ್ತು. ಮೇಲಿನ ಅಂತಸ್ತಿನಲ್ಲಿ ವೇದಿಕೆ: ದೇಖಣಿ, ಫುಗಡಿ, ಪೋರ್ಚುಗೀಸರು ಬಿಟ್ಟುಹೋದ ಕೊರಿದಿನ್ಯೊ ಕುಣಿತ, ನಡುನಡುವೆ ಪ್ರಯಾಣಿಕರೂ ಕುಣಿಯಲು ಸಿನಿಮಾ ಹಾಡು. ಸದ್ದು ಜೋರು. ಮಾವನವರಿಗೆ ಮಾತಾಡುತ್ತ ಕೂರುವುದು ಇಷ್ಟವಾದರೆ ಧ್ವನಿಪೆಟ್ಟಿಗೆಗಳಿಂದ ದೂರದ, ಕಟಕಟೆಯ ಪಕ್ಕದ ಕುರ್ಚಿಯನ್ನು ಮೊದಲೇ ಹಿಡಿಯಿರಿ. ಅರ್ಧ ಗಂಟೆ ಮುಂಚೆ ಹೋದವರಿಗೆ ಮಾತ್ರ ಅದು ಸಿಗುತ್ತದೆ.

ಕಡಲಿನ ಕಡೆಗೆ ಹೋಗುವಾಗ ಎಡಗಡೆ ಪಣಜಿ. ದಡದಲ್ಲಿ ಕಾಣುವ ಹಳೆಯ ಸಚಿವಾಲಯ ಮೂಲದಲ್ಲಿ ವಿಜಯಪುರದ ಆದಿಲ್ ಶಾಹಿಗಳ ಅರಮನೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಕೈ ಬದಲಾಯಿತು. ಬಲಗಡೆ ಗುಡ್ಡದ ಮೇಲೆ ರೈಸ್ ಮಾಗೋಸ್ ಕೋಟೆ, 1551ರದು. ಸೈನಿಕರಾಗಿದ್ದವರಿಗೆ ಅದನ್ನು ತೋರಿಸಿ: ಹೊಳೆಯ ಬಾಯನ್ನು ಕಾಯಲು ಅದಕ್ಕಿಂತ ಒಳ್ಳೆಯ ಜಾಗ ಇರಲಾರದು ಎಂದು ಅವರೇ ವಿವರಿಸುತ್ತಾರೆ. ಹಿಂತಿರುಗುವಾಗ ಎದುರಿಗೆ 2019ರಲ್ಲಿ ತೆರೆದ ಅಟಲ್ ಸೇತು, ತಂತಿಗಳ ಮೇಲೆ ದೀಪ ಹೊತ್ತು ನಿಂತಿರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಕೂಡಲೇ. ಆರರ ಸುಮಾರಿಗೆ ಹೊರಡುವ ದೋಣಿ ಹತ್ತಿದರೆ ಹೋಗುವಾಗ ಕೆಂಪು ಆಕಾಶ, ಬರುವಾಗ ದೀಪಗಳು ಎರಡೂ ಸಿಗುತ್ತವೆ. ಏಳರ ನಂತರದ್ದಾದರೆ ಬರೀ ದೀಪ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಬಿಡಿ. ಜೆಟ್ಟಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಅಂದಹಾಗೆ, ಆ ಮಾಂಡವಿಯೂ ನಮಗೆ ಪರಕೀಯಳಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅವಳು.

ದೋಣಿಯ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಮದ್ಯ ಸೇರಿರುವುದಿಲ್ಲ. ಒಳಗಿನ ಕೌಂಟರಿನಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಸೇನಾ ಕ್ಯಾಂಟೀನಿನ ರಮ್ಮನ್ನು ಚೀಲದಲ್ಲಿಟ್ಟು ಒಯ್ದರೆ ಹತ್ತುವಾಗಲೇ ತಡೆಯುತ್ತಾರೆ. ಕುಡಿಯುವ ವಯಸ್ಸು ಗೋವಾದಲ್ಲಿ 18, ಕರ್ನಾಟಕದಲ್ಲಿ 21, ಕೇರಳದಲ್ಲಿ 23. ಮೊಮ್ಮಕ್ಕಳು ಜೊತೆಗಿದ್ದರೆ ನೆನಪಿರಲಿ. ಹೊಳೆಯ ನಡುವೆ ಲಂಗರು ಹಾಕಿ ನಿಂತಿರುವ, ಕಣ್ಣು ಕುಕ್ಕುವ ದೀಪಗಳ ದೊಡ್ಡ ಹಡಗುಗಳು ಬೇರೆ, ಅವು ಕ್ಯಾಸಿನೊ. ಅಲ್ಲಿಗೆ 21 ತುಂಬದವರಿಗೆ ಪ್ರವೇಶವಿಲ್ಲ. ದಡದ ರಸ್ತೆಯಲ್ಲಿ ದಲ್ಲಾಳಿಗಳು ಎರಡರ ಟಿಕೆಟ್ಟನ್ನೂ ‘ಕ್ರೂಸ್’ ಎಂದೇ ಕೂಗಿ ಮಾರುತ್ತಾರೆ. ಜೆಟ್ಟಿಯ ಕೌಂಟರಿನಲ್ಲೇ ಕೊಳ್ಳಿ. ಗೋವಾದಲ್ಲಿ ಮದ್ಯ ಅಗ್ಗವೆಂದು ಬಾಟಲಿ ಕಟ್ಟಿಕೊಂಡು ಬರಬೇಡಿ. ಪರವಾನಗಿ ಇಲ್ಲದಿದ್ದರೆ ಗಡಿಯ ತನಿಖಾ ಠಾಣೆಯಲ್ಲಿ ಹುಟ್ಟುಹಬ್ಬದ ಸಂತೋಷವೆಲ್ಲ ಕರಗಿಹೋಗುತ್ತದೆ.

ಅಷ್ಟು ದೂರ ಬೇಡ ಎನ್ನುವವರಿಗೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಇನ್ನೊಂದು ದಾರಿ ಇದೆ. ಅದರಲ್ಲಿ ಮದ್ಯವಿಲ್ಲ, ಕುಣಿತವಿಲ್ಲ. ನೀರು ಮಾತ್ರ ನಮ್ಮದೇ. ದಕ್ಷಿಣ ಕೊಡಗಿನ ಬರಪೊಳೆ ಗೊತ್ತಲ್ಲ, ಮಳೆಗಾಲದಲ್ಲಿ ರಾಫ್ಟಿಂಗ್‌ಗೆ ಜನ ಹುಡುಕಿಕೊಂಡು ಬರುವ ಹೊಳೆ. ಬ್ರಹ್ಮಗಿರಿಯ ಕಡೆಯಿಂದ ಪಶ್ಚಿಮಕ್ಕೆ ಧುಮುಕಿ, ಮಾಕುಟ್ಟದ ಕಾಡಿನಲ್ಲಿ ಹಾದು, ಕೂಟುಪುಳದಲ್ಲಿ ಗಡಿ ದಾಟಿ, ಇರಿಟ್ಟಿಯ ಆಚೆ ವಳಪಟ್ಟಣಂ ಹೊಳೆಯಾಗುತ್ತದೆ. ಇಲ್ಲಿ ರಬ್ಬರ್ ದೋಣಿಯನ್ನು ಎತ್ತಿ ಎಸೆಯುವ ಅದೇ ನೀರು ಕಣ್ಣೂರಿನ ಹತ್ತಿರ ಅಗಲವಾಗಿ, ಆಳವಾಗಿ, ಕಡಲಿನ ಭರತಕ್ಕೆ ತೂಗುತ್ತ ಸುಮ್ಮನಿರುತ್ತದೆ. ಪರಶ್ಶಿನಿಕಡವಿನ ಮುತ್ತಪ್ಪನ್ ದೇವಸ್ಥಾನದ ಮೆಟ್ಟಿಲ ಕೆಳಗಿನ ಕಡವಿನಿಂದ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ಆ ಹೊಳೆಯಲ್ಲಿ ಓಡಾಡುತ್ತವೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿಯಾಗಿ ಹೋದರೆ ನೂರು ಕಿಲೋಮೀಟರಿನೊಳಗೆ. ಮುತ್ತಪ್ಪನಿಗೆ ನೈವೇದ್ಯ ಕಳ್ಳು ಮತ್ತು ಸುಟ್ಟ ಒಣಮೀನು. ಬಂದವರಿಗೆಲ್ಲ ಬೇಯಿಸಿದ ಕಾಳು, ತೆಂಗಿನಕಾಯಿ ಚೂರು, ಚಹಾ. ಕೊಡಗಿನಿಂದ ಹರಕೆ ಹೊತ್ತು ಹೋಗುವವರಿಗೆ ಈ ದಾರಿ ಹೊಸದಲ್ಲ. ಆದರೆ ಹೆಚ್ಚಿನವರು ದರ್ಶನ ಮುಗಿಸಿ ಕಾರು ಹತ್ತಿಬಿಡುತ್ತಾರೆ, ದೋಣಿ ಹತ್ತುವುದಿಲ್ಲ. ಕೊಚ್ಚಿಯಲ್ಲಿ ಕೇರಳ ಸರ್ಕಾರದ ನಿಗಮವೊಂದು ನಡೆಸುವ ‘ನೆಫರ್ಟಿಟಿ’ ಎಂಬ ದೊಡ್ಡ ಹಡಗೂ ಇದೆ. ಅದು ಕಡಲಿಗೆ ಹೋಗುವಂಥದು, ಹೊಳೆಯ ವಿಹಾರವಲ್ಲ.

ಎಲ್ಲಿಗೇ ಹೋದರೂ ದೋಣಿ ಹತ್ತುವ ಮೊದಲು ನೋಡಬೇಕಾದದ್ದನ್ನು ನೋಡಿ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು. ಕತ್ತಲಾಗಿತ್ತು, ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಕೆರೆಯಲ್ಲಿ 45 ಜನ ಹೋದರು. ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ನುಗ್ಗಿದಾಗ ಎರಡು ಅಂತಸ್ತಿನ ದೋಣಿ ವಾಲಿತು. ಎರಡು ಅಂತಸ್ತಿನ ದೋಣಿಯಲ್ಲಿ ಮೇಲೆ ಭಾರ ಹೆಚ್ಚಿದಷ್ಟೂ ಅದು ಸುಲಭವಾಗಿ ಒಂದು ಕಡೆಗೆ ಒರಗುತ್ತದೆ. ಮೇಲ್ಗಡೆ ಜನ ತುಂಬಿ ಒಂದೇ ಕಟಕಟೆಗೆ ಮುತ್ತಿದರೆ ನೀವು ಕೆಳಗಿಳಿದು ಕೂರಿ, ಫೋಟೊ ಆಮೇಲೆ ತೆಗೆಯಬಹುದು. ಎಷ್ಟು ಜನರಿಗೆ ಅನುಮತಿ ಎಂದು ದೋಣಿಯ ಮೇಲೆ ಬರೆದಿರಬೇಕು. ಲೈಫ್ ಜಾಕೆಟ್ ಕೈಗೆ ಸಿಗುವಂತಿರಬೇಕು, ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದರೆ ಪ್ರಯೋಜನವಿಲ್ಲ. ಎರಡರಲ್ಲಿ ಒಂದಿಲ್ಲದಿದ್ದರೂ ಟಿಕೆಟ್ ದುಡ್ಡು ಹೋದರೆ ಹೋಗಲಿ, ಹತ್ತಬೇಡಿ.

ಇನ್ನು ಮಾವನವರ ಎರಡು ಪೆಗ್. ರಕ್ತದೊತ್ತಡಕ್ಕೋ ಸಕ್ಕರೆಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲು ವೈದ್ಯರನ್ನು ಒಮ್ಮೆ ಕೇಳಿ. ಕುಡಿದಾಗ ಮೈ ಬಿಸಿಯಾದಂತೆ ಅನಿಸಿದರೂ ಚರ್ಮದ ರಕ್ತನಾಳಗಳು ಹಿಗ್ಗಿ ದೇಹದ ಶಾಖ ಬೇಗ ಹೊರಹೋಗುತ್ತದೆ. ನೀರಿನ ಮೇಲಿನ ಗಾಳಿಗೆ ಸ್ವೆಟರ್ ಇರಲಿ. ಮೊದಲು ಏನಾದರೂ ತಿನ್ನಿಸಿ. ಎರಡನೆಯ ಗ್ಲಾಸ್ ಕೊಡುವ ಮುನ್ನ ಅವರನ್ನು ಕೆಳಗಿನ ಅಂತಸ್ತಿಗೆ ಕರೆತನ್ನಿ, ಏಕೆಂದರೆ ಆ ಕಿರಿದಾದ ಕಬ್ಬಿಣದ ಮೆಟ್ಟಿಲು ಹತ್ತುವಾಗಿನದಕ್ಕಿಂತ ಇಳಿಯುವಾಗ ಕಷ್ಟ. ದೋಣಿ ಜೆಟ್ಟಿಗೆ ತಾಗಿ ಹಗ್ಗ ಕಟ್ಟುವವರೆಗೂ ಯಾರೂ ಏಳಬೇಡಿ. ವಸತಿಯನ್ನು ಪಣಜಿಯಲ್ಲೇ, ಜೆಟ್ಟಿಯಿಂದ ಹತ್ತು ನಿಮಿಷದ ದೂರದಲ್ಲಿ ಹಿಡಿದರೆ ಆ ರಾತ್ರಿ ಯಾರೂ ಗಾಡಿ ಓಡಿಸಬೇಕಾಗುವುದಿಲ್ಲ, ನೀವೂ ಅವರ ಜೊತೆ ಒಂದು ಗ್ಲಾಸ್ ಎತ್ತಬಹುದು.