ಗಾಳಿ, ನೀರು, ಕಬ್ಬಿಣ: ಶಬ್ದದ ವೇಗವನ್ನು ಅಳೆದ ಬಗೆ

ಶಬ್ದವು ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಕಬ್ಬಿಣದಲ್ಲಿ ವೇಗವಾಗಿ ಸಾಗುತ್ತದೆ ಎಂಬುದನ್ನು ಪ್ರೌಢಶಾಲೆ ದಾಟಿದವರೆಲ್ಲ ಓದಿರುತ್ತಾರೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 331 ಮೀಟರ್, 20 ಡಿಗ್ರಿಯ ನೀರಿನಲ್ಲಿ ಸುಮಾರು 1480 ಮೀಟರ್, ಕಬ್ಬಿಣದಲ್ಲಿ 5000 ಮೀಟರಿನ ಆಸುಪಾಸು. ಘನವಸ್ತುವಿನ ಕಣಗಳು ಒತ್ತೊತ್ತಾಗಿರುವುದೇ ಇದಕ್ಕೆ ಕಾರಣವೆಂದು ಒಂದೇ ಸಾಲಿನಲ್ಲಿ ವಿವರಿಸಿ ಮುಗಿಸುವುದು ವಾಡಿಕೆ. ಈ ವಿವರಣೆ ಅರ್ಧಸತ್ಯ. ಪಾದರಸವು ನೀರಿಗಿಂತ 13 ಪಟ್ಟಿಗೂ ಹೆಚ್ಚು ಸಾಂದ್ರವಾಗಿದ್ದರೂ ಅದರಲ್ಲಿ ಶಬ್ದದ ವೇಗ ಸುಮಾರು 1450 ಮೀಟರ್, ಅಂದರೆ ನೀರಿನಲ್ಲಿರುವುದಕ್ಕಿಂತ ತುಸು ಕಡಿಮೆಯೇ. ಸೀಸ ಕಬ್ಬಿಣಕ್ಕಿಂತ ಭಾರ, ಆದರೆ ಶಬ್ದ ಅದರಲ್ಲಿ ನಿಧಾನ. ಅತ್ಯಂತ ಹಗುರವಾದ ಹೈಡ್ರೋಜನ್ ಅನಿಲದಲ್ಲಿ ಅದು ಗಾಳಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಓಡುತ್ತದೆ. ವೇಗವನ್ನು ನಿರ್ಧರಿಸುವುದು ಎರಡು ಗುಣಗಳ ನಡುವಿನ ಜಗ್ಗಾಟ: ಅದುಮಿದಾಗ ವಸ್ತು ಎಷ್ಟು ಬಲದಿಂದ ತಿರುಗಿ ಒತ್ತುತ್ತದೆ ಎಂಬುದು ಒಂದು, ಅಲುಗಿಸಲು ಅದು ಎಷ್ಟು ಭಾರ ಎಂಬುದು ಇನ್ನೊಂದು.

ಈ ಮಾತನ್ನು ಮೊದಲು ಗಣಿತದಲ್ಲಿ ಹೇಳಿದವನು ಐಸಾಕ್ ನ್ಯೂಟನ್. ಗಾಳಿಯಿಲ್ಲದೆ ಶಬ್ದವಿಲ್ಲ ಎಂಬುದನ್ನು ರಾಬರ್ಟ್ ಬಾಯ್ಲ್ 1660ರ ಹೊತ್ತಿಗೆ ನಿರ್ವಾತ ಪಂಪಿನ ಪ್ರಯೋಗಗಳಿಂದ ತೋರಿಸಿದ್ದನು. ಗಾಳಿಯ ಒತ್ತಡವನ್ನು ಅದರ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಶಬ್ದದ ವೇಗ ಸಿಗುತ್ತದೆ ಎಂದು 1687ರಲ್ಲಿ ನ್ಯೂಟನ್ ವಾದಿಸಿದನು. ಹಾಗೆ ಬಂದ ಉತ್ತರ ಸೆಕೆಂಡಿಗೆ ಸುಮಾರು 979 ಅಡಿ. ಆದರೆ ಅಪ್‌ಮಿನ್‌ಸ್ಟರ್‌ನ ಪಾದ್ರಿ ವಿಲಿಯಂ ಡರ್‌ಹ್ಯಾಮ್ ತನ್ನ ಚರ್ಚಿನ ಗೋಪುರವೇರಿ, ದೂರದಲ್ಲಿ ಸಿಡಿಸಿದ ಬಂದೂಕಿನ ಮಿಂಚನ್ನು ದೂರದರ್ಶಕದಲ್ಲಿ ಕಂಡ ಕ್ಷಣದಿಂದ ಸದ್ದು ಕಿವಿಗೆ ಬೀಳುವವರೆಗಿನ ಸಮಯವನ್ನು ಲೋಲಕದಿಂದ ಎಣಿಸಿ 1142 ಅಡಿ ಎಂದು ನಿರ್ಧರಿಸಿದನು. ಇಷ್ಟು ದೊಡ್ಡ ಅಂತರವನ್ನು ಮುಚ್ಚಲು ನ್ಯೂಟನ್ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ ಗಾಳಿಯ ಕಣಗಳ ಗಾತ್ರವನ್ನೂ ಅದರಲ್ಲಿ ಬೆರೆತ ಆವಿಯನ್ನೂ ಮುಂದೊಡ್ಡಿ ಲೆಕ್ಕವನ್ನು 1142ಕ್ಕೆ ತಂದು ನಿಲ್ಲಿಸಿದನು. ಉತ್ತರ ನೋಡಿಕೊಂಡು ಲೆಕ್ಕ ಕೂಡಿಸಿದ ಈ ಕಸರತ್ತು ಅಂಥ ಮೇಧಾವಿಗೆ ಶೋಭಿಸುವಂಥದ್ದಲ್ಲ.

ನಿಜವಾದ ಪರಿಹಾರ ದೊರೆತದ್ದು ಒಂದು ಶತಮಾನದ ಬಳಿಕ. ಶಬ್ದದ ತರಂಗ ಹಾಯುವಾಗ ಗಾಳಿ ಎಷ್ಟು ಬೇಗನೆ ಅದುಮಲ್ಪಟ್ಟು ಹಿಗ್ಗುತ್ತದೆ ಎಂದರೆ, ಅದುಮಿದ ಭಾಗದಲ್ಲಿ ಹುಟ್ಟಿದ ಶಾಖಕ್ಕೆ ಅಕ್ಕಪಕ್ಕಕ್ಕೆ ಹರಿದುಹೋಗಲು ಸಮಯವೇ ಇರುವುದಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಲದಿಂದ ತಿರುಗಿ ಒತ್ತುತ್ತದೆ. ಇದನ್ನು ಗುರುತಿಸಿದ ಫ್ರಾನ್ಸಿನ ಲಾಪ್ಲಾಸ್ 1816ರಲ್ಲಿ ಸೂತ್ರವನ್ನು ತಿದ್ದಿದನು. ನಾವು ಇಂದು 1.4 ಎಂದು ಬಳಸುವ ಗುಣಕವನ್ನು ಸೇರಿಸಿದರೆ ಲೆಕ್ಕವೂ ಅಳತೆಯೂ ಒಂದಾಗುತ್ತವೆ.

ಅಷ್ಟರಲ್ಲಿ ಘನವಸ್ತುವಿನ ಸರದಿ ಬಂದಿತ್ತು. 1808ರಲ್ಲಿ ಝಾನ್ ಬ್ಯಾಪ್ಟಿಸ್ಟ್ ಬಯೊ ಪ್ಯಾರಿಸ್ಸಿನಲ್ಲಿ ನೀರು ಸರಬರಾಜಿಗೆಂದು ಜೋಡಿಸಿದ್ದ ಸುಮಾರು 951 ಮೀಟರ್ ಉದ್ದದ ಎರಕದ ಕಬ್ಬಿಣದ ಕೊಳವೆಸಾಲನ್ನು ಬಳಸಿಕೊಂಡನು. ಒಂದು ತುದಿಯಲ್ಲಿ ಹೊಡೆದ ಒಂದೇ ಪೆಟ್ಟು ಮತ್ತೊಂದು ತುದಿಯಲ್ಲಿ ಎರಡು ಸಲ ಕೇಳಿಸಿತು. ಮೊದಲನೆಯದು ಲೋಹದ ಮೂಲಕ, ಸುಮಾರು ಎರಡೂವರೆ ಸೆಕೆಂಡಿನ ಬಳಿಕ ಎರಡನೆಯದು ಕೊಳವೆಯೊಳಗಿನ ಗಾಳಿಯ ಮೂಲಕ. ಇದರಿಂದ ಅವನು ಲೋಹದಲ್ಲಿ ವೇಗ ಗಾಳಿಯ ಸುಮಾರು ಹತ್ತೂವರೆ ಪಟ್ಟು ಎಂದು ಲೆಕ್ಕ ಹಾಕಿದನು. ಇಂದಿನ ಅಳತೆಗೆ ಹೋಲಿಸಿದರೆ ಇದು ಕಡಿಮೆ, ಮತ್ತು ಅದು ಸಹಜವೇ. ಗಾಳಿಯ ಸದ್ದಿಗೆ ಆ ದೂರ ಕ್ರಮಿಸಲು ಮೂರು ಸೆಕೆಂಡೂ ಬೇಡ, ಲೋಹದ ಪಾಲಿಗೆ ಉಳಿಯುವುದು ಅದರಲ್ಲೊಂದು ಚೂರು. ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಪ್ಪಿದರೂ ಫಲಿತಾಂಶ ಬಹಳ ಏರುಪೇರಾಗುತ್ತದೆ.

ನೀರಿನ ಪ್ರಯೋಗ ಹೆಚ್ಚು ಅಚ್ಚುಕಟ್ಟಾದದ್ದು. ದ್ರವಗಳು ಎಷ್ಟರಮಟ್ಟಿಗೆ ಕುಗ್ಗಬಲ್ಲವು ಎಂಬ ಪ್ರಶ್ನೆಯ ಬೆನ್ನು ಹತ್ತಿದ್ದ ಡೇನಿಯಲ್ ಕೊಲಡನ್ ಮತ್ತು ಚಾರ್ಲ್ಸ್ ಸ್ಟರ್ಮ್ 1826ರಲ್ಲಿ ಜಿನೀವಾ ಸರೋವರಕ್ಕೆ ಇಳಿದರು. ಒಂದು ದಡದ ರೋಲ್ ಬಳಿ ದೋಣಿಯಿಂದ ನೀರಿನೊಳಕ್ಕೆ ಗಂಟೆಯೊಂದನ್ನು ಇಳಿಬಿಡಲಾಗಿತ್ತು. ಸನ್ನೆ ಒತ್ತಿದರೆ ಸುತ್ತಿಗೆ ಗಂಟೆಗೆ ಬಡಿಯುವುದರ ಜೊತೆಗೇ ದೋಣಿಯ ಮೇಲಿದ್ದ ಮದ್ದು ಹೊತ್ತಿ ಉರಿಯುತ್ತಿತ್ತು. ಎದುರು ದಡದ ಥೊನಾನ್ ಬಳಿ, ಅಗಲ ಬಾಯನ್ನು ನೀರಿನಲ್ಲಿ ಮುಳುಗಿಸಿದ ಉದ್ದನೆಯ ಕೊಳವೆಗೆ ಕಿವಿಯಿಟ್ಟು, ಕತ್ತಲಲ್ಲಿ ಬೆಳಕು ಕಂಡೊಡನೆ ಗಡಿಯಾರ ಚಾಲೂ ಮಾಡಿ, ಸದ್ದು ಕೇಳಿದೊಡನೆ ನಿಲ್ಲಿಸಬೇಕು. ಸುಮಾರು 13,487 ಮೀಟರ್ ದೂರಕ್ಕೆ ತಗುಲಿದ್ದು 9.4 ಸೆಕೆಂಡು. 8 ಡಿಗ್ರಿ ಉಷ್ಣತೆಯ ಆ ನೀರಿನಲ್ಲಿ ವೇಗ 1435 ಮೀಟರ್ ಎಂದಾಯಿತು. ನೀರು ಕುಗ್ಗುವ ಪ್ರಮಾಣದಿಂದ ಲೆಕ್ಕ ಹಾಕಿದಾಗ ಬಂದ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ ಕೆಲವೇ ಮೀಟರ್. ಅಷ್ಟು ತಂಪಾದ ನೀರು ಅದುಮಿದಾಗ ಬಿಸಿಯಾಗುವುದು ತೀರ ಅಲ್ಪವಾದ್ದರಿಂದ, ಗಾಳಿಗೆ ಅನಿವಾರ್ಯವಾದ ಲಾಪ್ಲಾಸನ ತಿದ್ದುಪಡಿ ಇಲ್ಲಿ ಬೇಕಾಗಲಿಲ್ಲ.

ಘನವಸ್ತುವಿಗೆ ಇನ್ನೊಂದು ವಿಶೇಷವಿದೆ. ಅದು ಅದುಮುವುದಕ್ಕೆ ಮಾತ್ರವಲ್ಲ, ಅಡ್ಡಡ್ಡ ಜಾರಿಸುವುದಕ್ಕೂ ಪ್ರತಿರೋಧ ಒಡ್ಡುತ್ತದೆ. ಹಾಗಾಗಿ ಅದರಲ್ಲಿ ಶಬ್ದದಂಥ ನೀಳ ತರಂಗದ ಜೊತೆಗೆ ಅದಕ್ಕಿಂತ ನಿಧಾನವಾದ ಅಡ್ಡ ತರಂಗವೂ ಸಾಗುತ್ತದೆ. ದ್ರವದ ಒಳಗೆ ಈ ಎರಡನೆಯದಕ್ಕೆ ದಾರಿಯಿಲ್ಲ. 1897ರ ಜೂನ್ 12ರಂದು ಅಸ್ಸಾಮನ್ನು ನಡುಗಿಸಿದ ಭೂಕಂಪವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್, ದೂರದ ದೇಶಗಳ ಭೂಕಂಪಮಾಪಕಗಳು ಎಳೆದಿದ್ದ ಗೆರೆಗಳಲ್ಲಿ ಈ ಎರಡನ್ನೂ ಬೇರ್ಪಡಿಸಿ ಗುರುತಿಸಿದನು. ಭೂಮಿಗೆ ಬೇರೆಯೇ ಆದ ಗರ್ಭವಿದೆ ಎಂದು 1906ರಲ್ಲಿ ಅವನೇ ತೋರಿಸಿದನು. ಆ ಗರ್ಭ ದ್ರವವೆಂದು 1926ರಲ್ಲಿ ಹೆರಾಲ್ಡ್ ಜೆಫ್ರಿಸ್ ವಾದಿಸಿದನು. ಅದರೊಳಗೆ ಮತ್ತೊಂದು ಒಳಗರ್ಭವಿದೆಯೆಂದು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಕಂಡುಕೊಂಡಳು. ಅದು ಘನವೆಂಬುದು ಬಳಿಕ ಖಚಿತವಾಯಿತು.

ಇದೇ ಬಗೆಯ ಕೇಳ್ಮೆ ಕರ್ನಾಟಕದ ಗೌರಿಬಿದನೂರಿನಲ್ಲೂ ನಡೆಯಿತು. 1960ರ ದಶಕದಲ್ಲಿ ಅಣುಶಕ್ತಿ ವಿಜ್ಞಾನಿಗಳು ಅಲ್ಲಿನ ಗಟ್ಟಿ ಬಂಡೆಗಳ ನಡುವೆ ಭೂಕಂಪಮಾಪಕಗಳ ಸಾಲನ್ನು ಹೂಡಿದ್ದು, ದೂರದ ದೇಶಗಳು ನೆಲದಡಿ ನಡೆಸುವ ಪರಮಾಣು ಪರೀಕ್ಷೆಗಳನ್ನು ಪತ್ತೆ ಹಚ್ಚುವುದಕ್ಕೆ. ಸ್ಫೋಟವು ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುವುದರಿಂದ ಅದರಲ್ಲಿ ನೀಳ ತರಂಗವೇ ಪ್ರಬಲ. ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುವುದರಿಂದ ಅಡ್ಡ ತರಂಗಕ್ಕೂ ದೊಡ್ಡ ಪಾಲು ಸಿಗುತ್ತದೆ.