ಕೊಳೆರೋಗದ ಚಕ್ರಬಡ್ಡಿ

ಮಳೆಗಾಲದ ಆಟಿ ತಿಂಗಳಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ಬೆಳೆಯುವ ಇಬ್ಬರು ಸಿಕ್ಕರೆ ಮೊದಲ ಮಾತೇ, "ನಿಮ್ಮಲ್ಲಿ ಕೊಳೆ ಹೇಗುಂಟು?" ಒಂದೇ ಗುಡ್ಡದ ಬುಡದ ಎರಡು ತೋಟ, ಸುರಿದದ್ದು ಒಂದೇ ಮಳೆ. ಒಬ್ಬರಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಉದುರಿರುತ್ತದೆ. ಇನ್ನೊಬ್ಬರ ತೋಟದಲ್ಲಿ ಮರದ ಬುಡವೇ ಕಾಣುವುದಿಲ್ಲ. ವಿಚಾರಿಸಿದರೆ ಮದ್ದು ಬಿಟ್ಟದ್ದರಲ್ಲಿ ಒಂದು ವಾರ ಹೆಚ್ಚುಕಮ್ಮಿ, ಅಷ್ಟೆ. ಒಂದು ವಾರಕ್ಕೆ ಇಷ್ಟೊಂದು ನಷ್ಟವಾ?

ಆಗುತ್ತದೆ. ಕೊಳೆ ಬಂದ ಕಾಯಿಯೊಂದನ್ನು ಹತ್ತಿರದಿಂದ ನೋಡಿ. ಮೊದಲು ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ. ಕಲೆ ಹಬ್ಬಿ ಕಾಯಿ ಉದುರುತ್ತದೆ, ಮೈಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ. ಇದು ಫೈಟೊಫ್ತೊರ ಎಂಬ ಸೂಕ್ಷ್ಮಜೀವಿಯ ಕೆಲಸ. ಶಿಲೀಂಧ್ರದ ಹಾಗೆ ಕಂಡರೂ ಶಿಲೀಂಧ್ರವಲ್ಲ. ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆ ಕೊಳೆಸಿ ಬರಗಾಲಕ್ಕೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜೀವಿ. ಇದರ ಬೀಜಕಣಗಳಿಗೆ ಬಾಲ ಇರುತ್ತದೆ, ಅವು ಈಜುತ್ತವೆ! ಕಾಯಿಯ ಮೇಲೆ ತೆಳ್ಳಗೆ ನೀರು ನಿಂತರೆ ಸಾಕು. ಮಳೆಹನಿ ಸಿಡಿದರೆ, ಗಾಳಿ ಬೀಸಿದರೆ ರೋಗ ಪಕ್ಕದ ಗೊನೆಗೆ ದಾಟುತ್ತದೆ.

ಈಗ ಸ್ವಲ್ಪ ಲೆಕ್ಕ. ರೋಗ ಒಂದು ಕಾಯಿಯಿಂದ ಇನ್ನೊಂದಕ್ಕೆ ದಾಟುವುದನ್ನು ಒಂದು ಸುತ್ತು ಎನ್ನೋಣ. ಒಂದು ಕೊಳೆತ ಕಾಯಿ ಒಂದು ಸುತ್ತಿನಲ್ಲಿ ಸರಾಸರಿ 0.8 ಹೊಸ ಕಾಯಿಗೆ ರೋಗ ಹಚ್ಚುತ್ತದೆ ಅಂತ ಇಟ್ಟುಕೊಳ್ಳಿ. ಮೊದಲಿಗೆ 100 ಕಾಯಿ. ಮುಂದಿನ ಸುತ್ತಿಗೆ ಹೊಸದಾಗಿ 80, ಆಮೇಲೆ 64. ಹತ್ತನೇ ಸುತ್ತಿಗೆ ಬರೀ 11. ರೋಗ ತಾನಾಗಿ ಇಳಿಯಿತು. 0.8 ಇದ್ದದ್ದು 1.2 ಆದರೆ? ಹತ್ತನೇ ಸುತ್ತಿಗೆ 619! ಕಾರಣ ಜಾಸ್ತಿಯಾದದ್ದು ಒಂದೂವರೆ ಪಟ್ಟು, ಪರಿಣಾಮ 50 ಪಟ್ಟಿಗೂ ಮೇಲೆ. ಕಾರಣಕ್ಕೆ ತಕ್ಕಷ್ಟೇ ಫಲ ಎಂಬ ಲೆಕ್ಕ ನಡೆಯದ ಇಂಥ ವರ್ತನೆಯನ್ನು ಅರೇಖೀಯ ಎನ್ನುತ್ತಾರೆ. ಇಲ್ಲಿ ಎಲ್ಲ ನಿಂತಿರುವುದು ಆ ಸಂಖ್ಯೆ 1ಕ್ಕಿಂತ ಕೆಳಗಿದೆಯೋ ಮೇಲಿದೆಯೋ ಎಂಬುದರ ಮೇಲೆ.

ದಕ್ಷಿಣ ಆಫ್ರಿಕಾದ ಸಸ್ಯರೋಗ ವಿಜ್ಞಾನಿ ವಾನ್‌ಡರ್‌ಪ್ಲಾಂಕ್ 1963ರಲ್ಲಿ ಇಂಥ ರೋಗಗಳನ್ನು ಚಕ್ರಬಡ್ಡಿಗೆ ಹೋಲಿಸಿದರು. ಹೊಸದಾಗಿ ಕೊಳೆತ ಕಾಯಿಯೂ ಅಸಲಿಗೆ ಸೇರಿಕೊಳ್ಳುತ್ತದೆ. ಒಳ್ಳೆಯ ಕಾಯಿ ಕಮ್ಮಿಯಾಗುತ್ತಾ ಬಂದಾಗ ವೇಗ ತಗ್ಗುತ್ತದೆ ನಿಜ. ಆದರೆ ಅಷ್ಟರಲ್ಲಿ ಫಸಲು ನೆಲ ಸೇರಿರುತ್ತದೆ.

ಆ ಸಂಖ್ಯೆಯಾದರೂ ನಿಂತಲ್ಲಿ ನಿಲ್ಲುವುದಿಲ್ಲ. ಮರಗಳು ಒತ್ತಾಗಿದ್ದರೆ, ಗಾಳಿ ಬೆಳಕು ಕಮ್ಮಿಯಾದರೆ ಏರುತ್ತದೆ. ಮಳೆ, ಬಿಸಿಲು, ಮತ್ತೆ ಮಳೆ ಎಂಬ ದಿನಗಳಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿ ಈ ವರ್ಷ ಒಟ್ಟು ಎಷ್ಟು ಮಿಲಿಮೀಟರ್ ಮಳೆ ಬಂತು ಎಂದು ನೋಡಿ ಕೊಳೆಯನ್ನು ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

ಬೋರ್ಡೋ ಮದ್ದು ಇಳಿಸುವುದು ಆ ಸಂಖ್ಯೆಯನ್ನೇ. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಯಿಯ ಮೇಲೆ ಕೂತ ತಾಮ್ರ ಬೀಜಕಣಗಳನ್ನು ಒಳಹೋಗುವ ಮೊದಲೇ ಕೊಲ್ಲುತ್ತದೆ. ಒಳಗೆ ಹೋದದ್ದನ್ನು ಹೊರಹಾಕುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಮಳೆ ಹಿಡಿಯುವ ಮೊದಲೇ ಒಂದು ಸಲ, ಸುಮಾರು 40 ದಿನದ ಮೇಲೆ ಇನ್ನೊಂದು ಸಲ ಬಿಡುವುದು. ತಡವಾದ ವಾರದಲ್ಲಿ ಅಸಲು ಬೆಳೆದಿರುತ್ತದೆ, ಆಮೇಲೆ ಎಷ್ಟು ಮದ್ದು ಸುರಿದರೂ ಆ ವಾರ ವಾಪಸ್ ಬರುವುದಿಲ್ಲ.

ಕಷ್ಟ ಏನೆಂದರೆ ಮರ ಹತ್ತುವವರು ಕೆಲವೇ ಮಂದಿ, ಎಲ್ಲರಿಗೂ ಅವರು ಬೇಕಾಗುವುದು ಅದೇ ವಾರ. ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಈಗ ಬಂದಿದೆ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ದೋಟಿ ಇಟ್ಟುಕೊಂಡು, ಮಳೆಗೆ ಮೊದಲೇ ನಾಲ್ಕೂ ತೋಟ ಮುಗಿಸುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ. ಬೇಲಿಯಾಚೆಯ ಕೊಳೆತ ಗೊನೆಯೂ ನಮ್ಮ ಅಸಲೇ ಅಲ್ವಾ.